ತೊಳೆಯದ ಬಟ್ಟಲು

"ನಾನು ಕದ್ದಿಲ್ಲ, ಹಲ್ಲಕ್ಕ. ಆದ್ರೆ ಈ ಹೆಸರು ಬಂದ್ಮೇಲೆ ನನ್ನ ಕೈಗೆ ಇನ್ಯಾರು ಮೂಳೆ ಕೊಡ್ತಾರೆ?"

ಹೀಗೆಂದು ನಮ್ಮ ಹೊಸ್ತಿಲಲ್ಲೇ ಕುಸಿದು ಕೂತವಳು ಉಗುರಪ್ಪನವರ ಕೆಲಸಗಾರ್ತಿ. ಬಂಡೆಯಲ್ಲಿ ಸಿಕ್ಕಿಕೊಂಡ ಡೈನೋಸಾರ್ ಉಗುರುಗಳನ್ನು ಸೂಜಿ, ಬ್ರಷ್ಷು ಹಿಡಿದು ಕೆರೆದು ಬಿಡಿಸುವುದು ಅವಳ ಕಸುಬು. ಉಗುರಪ್ಪ ಎಂಬುದು ಜನ ಇಟ್ಟ ಹೆಸರು. ಕೋಟ್ಯಂತರ ವರ್ಷ ಹಳೆಯ ಉಗುರುಗಳ ಪಳೆಯುಳಿಕೆ ಕೂಡಿಡುವುದು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಧ್ಯಾನವಿರಲಿಲ್ಲ. ಹಲ್ಲಕ್ಕ ಎಂದರೆ ನನ್ನ ಅಕ್ಕ. ಮೂವತ್ತು ವರ್ಷ ಕಟ್ಟುಹಲ್ಲು ಮಾಡಿದವಳು. ಬಾಯಿ ನೋಡಿಯೇ ಸುಳ್ಳು ಹಿಡಿಯುತ್ತಾಳೆಂದು ಕಷ್ಟ ಹೊತ್ತವರೆಲ್ಲ ಅವಳಲ್ಲಿಗೆ ಬರುತ್ತಿದ್ದರು. ಬಂದವರಿಗೆ ಚಹಾ ಮಾಡುವುದು ನನ್ನ ಪಾಲಿನ ಪತ್ತೇದಾರಿಕೆ.

"ಯಾವ ಉಗುರು ಹೋಗಿದ್ದು?" ಅಕ್ಕ ಕೇಳಿದಳು.

"ದೊಡ್ಡದು. ಗೇಣುದ್ದ, ಬುಡದಿಂದ ತುದೀವರೆಗೂ ಇಡಿಯಾಗಿರೋದು. ನಾಳೆ ಮ್ಯೂಸಿಯಂಗೆ ಹೋಗ್ಬೇಕಿತ್ತು. ಅಲ್ಲಿ ಅವರ ಹೆಸರಲ್ಲೇ ಒಂದು ಕೋಣೆ ತೆರೀತಾರಂತೆ. ಮೊದಲು ಎಕ್ಸ್‌ರೇ..." ಅವಳು ಅಲ್ಲಿಗೇ ನಿಲ್ಲಿಸಿ ನೆಲ ನೋಡಿದಳು. ನಾನು ಅದನ್ನು ದಣಿವೆಂದುಕೊಂಡೆ. "ಬೀಗ ಮುರಿದಿಲ್ಲ. ಕೀಲಿ ಎರಡೇ, ಅವರದೊಂದು, ನನ್ನದೊಂದು. ಎರಡು ದಿನ ರಜಾ ಹಾಕಿ ತಂಗಿ ಮನೇಲಿದ್ದೆ. ಇವತ್ತು ಹೋದ್ರೆ ಬಾಗಿಲಲ್ಲೇ ಕಳ್ಳಿ ಅಂದ್ರು. ಹತ್ತೊಂಬತ್ತು ವರ್ಷ ಮೂಗಿಗೆ ಕವಡೆ ಕಟ್ಕೊಂಡು ದುಡಿದಿದೀನಿ, ಅಕ್ಕ."

ನಾವು ಕೂಡಲೇ ಹೊರಟೆವು. ಉಗುರಪ್ಪನವರ ಹೆಂಡತಿ ಒರೆಸುವ ಬಟ್ಟೆ ಹಿಡಿದೇ ಬಾಗಿಲು ತೆಗೆದರು. "ನೋಡಿ, ಏನು ಬೇಕಾದ್ರೂ ನೋಡಿ. ಅಸಲಿ ಉಗುರಿಗೆ ಗಾಜಿನ ಪೆಟ್ಟಿಗೆ. ಅದರ ಆರು ನಕಲು ಮಾಡಿಸಿಟ್ಟಿದಾರಲ್ಲ, ಅವುಗಳ ಧೂಳು ಒರೆಸೋದು ನನ್ನ ಹಣೆಬರಹ."

ಪೆಟ್ಟಿಗೆಯೊಳಗೆ ಉಗುರಿನ ಆಕಾರಕ್ಕೆ ಕತ್ತರಿಸಿದ ಬಿಳಿ ಸ್ಪಂಜು ಮಾತ್ರ ಇತ್ತು. ತುದಿ ಕೂರುವ ಕಡೆ ಕಂದು ಕಲೆ ಹತ್ತಿತ್ತು, ಬುಡದ ಕಡೆ ಸ್ವಚ್ಛ. ಎದುರಿನ ಹಲಗೆಯ ಮೇಲೆ ಅದೇ ಉಗುರಿನ ಬಿಳಿ ಪ್ಲಾಸ್ಟರ್ ನಕಲುಗಳು ಸಾಲಾಗಿದ್ದವು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವನ ಚಟ, ಎಣಿಸಿದೆ: ಏಳು. ಎಣಿಸಿ ಸುಮ್ಮನಾದೆ. ನನ್ನ ಬುದ್ಧಿ ಯಾವಾಗಲೂ ರೈಲು ಹೋದ ಮೇಲೆ ಸ್ಟೇಷನ್ನಿಗೆ ಬರುತ್ತದೆ.

ಪಕ್ಕದ ಕೆಲಸದ ಕೋಣೆಯಲ್ಲಿ ಗಾತ್ರದ ಪ್ರಕಾರ ಜೋಡಿಸಿಟ್ಟ ಸೂಜಿಗಳಿದ್ದವು. ತೊಟ್ಟಿಯಲ್ಲಿ ಒಂದು ಬಟ್ಟಲು, ಅದರ ತಳದಲ್ಲಿ ಪ್ಲಾಸ್ಟರ್ ಕಲ್ಲಾಗಿ ಕೂತಿತ್ತು. ಅಕ್ಕ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. ಆಮೇಲೆ ಕೆಲಸಗಾರ್ತಿಯನ್ನು ಅಂಗಳಕ್ಕೆ ಕರೆದೊಯ್ದು ಏನೋ ಕೇಳಿದಳು. ಅವಳು ಮೊದಲು ಅತ್ತಳು, ಆಮೇಲೆ ತಲೆಯಾಡಿಸಿದಳು.

ಮಧ್ಯಾಹ್ನ ಎಲ್ಲರೂ ಆ ಕೆಲಸದ ಕೋಣೆಯಲ್ಲಿ ಸೇರಿದರು. ಹಲಗೆಯ ಮೇಲಿದ್ದ ನಕಲುಗಳನ್ನು ಅಕ್ಕ ಅಲ್ಲಿಗೆ ತರಿಸಿ ಸಾಲಾಗಿಡಿಸಿದ್ದಳು. ಮ್ಯೂಸಿಯಂ ಅಧಿಕಾರಿಯನ್ನೂ ಅಕ್ಕ ಕರೆಸಿದ್ದಳು. ಅವಳು ಉಗುರಪ್ಪನವರ ಕೈಗೆ ಸುತ್ತಿಗೆ ಕೊಟ್ಟಳು.

"ಈ ನಕಲುಗಳನ್ನ ಒಡೀರಿ, ಸ್ವಾಮಿ. ಕಳ್ಳರು ಒಳಗೇನಾದ್ರೂ ಬಚ್ಚಿಟ್ಟಿರಬಹುದು."

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕಮ್ಮ?" ಎಂದು ಅವರು ನಕ್ಕರು. ಆದರೂ ಒಂದನ್ನು ಒಡೆದರು. ಎರಡು. ಮೂರು. ನಾಲ್ಕನೆಯದನ್ನು ಬಿಟ್ಟು ಐದನೆಯದಕ್ಕೆ ಕೈ ಹಾಕಿದರು.

"ನಾಲ್ಕನೇದು?"

ಸುತ್ತಿಗೆ ಮೇಲೆದ್ದಿತು, ಇಳಿಯಲಿಲ್ಲ.

ಅಕ್ಕ ಆ ನಕಲನ್ನು ಎತ್ತಿ ತೊಟ್ಟಿಯ ನೀರಿನಲ್ಲಿ ಉಜ್ಜಿದಳು. ತೆಳ್ಳನೆಯ ಬಿಳುಪು ಕಳಚಿ ಕಂದು ಉಗುರು ಹೊರಬಂತು.

"ಪ್ಲಾಸ್ಟರ್ ಕಸುಬಿನವರು ಬಟ್ಟಲನ್ನ ಗಟ್ಟಿಯಾಗೋಕೆ ಬಿಡಲ್ಲ, ಕಲಸಿದ ಕೈಯಲ್ಲೇ ತೊಳೀತಾರೆ," ಎಂದಳು. "ಅಂದ್ಮೇಲೆ ಕಲಸಿದ್ದು ಇವಳಲ್ಲ. ಕೀಲಿ ಇರೋ ಇನ್ನೊಬ್ಬರು ನೀವು. ಅಚ್ಚಿನಲ್ಲಿ ಎರೆದ ನಕಲಿಗೆ ಪಕ್ಕದಲ್ಲಿ, ಅಚ್ಚಿನ ಎರಡು ಹೋಳು ಕೂಡೋ ಕಡೆ, ಗೆರೆ ಇರತ್ತೆ. ಆರಕ್ಕಿದೆ, ಇದೊಂದಕ್ಕಿಲ್ಲ. ನಿಮ್ಮ ಹೆಂಡತಿ ಲೆಕ್ಕದಲ್ಲೂ ನಕಲು ಆರೇ."

"ನನ್ನ ಉಗುರನ್ನ ನಾನೇ ಯಾಕೆ ಕದೀಲಿ?"

"ಎಕ್ಸ್‌ರೇಗೆ ಹೆದರಿ. ಕಲ್ಲಾದ ಮೂಳೆ ಸ್ಪಂಜಿಗೆ ಬಣ್ಣ ಬಿಡಲ್ಲ, ಬಳಿದದ್ದು ಬಿಡತ್ತೆ. ತುದಿ ಅಸಲಿಯಲ್ಲ, ಮ್ಯೂಸಿಯಂನವರ ಎಕ್ಸ್‌ರೇಲಿ ಅದು ಗೊತ್ತಾಗ್ತಿತ್ತು. ಕೊಡಲ್ಲ ಅಂದ್ರೆ ಜನ ಅನುಮಾನ ಪಡ್ತಾರೆ. ಕಳುವಾಯ್ತು ಅಂದ್ರೆ ಕನಿಕರ ಪಡ್ತಾರೆ, ಕೋಣೆಗೆ ನಿಮ್ಮ ಹೆಸರೂ ಉಳಿಯತ್ತೆ. ಕಳ್ಳಿ ಅನ್ನಿಸಿಕೊಳ್ಳೋಕೆ ಇವಳು ಹೇಗೂ ಇದ್ದಳು."

ಅಧಿಕಾರಿ ಉಗುರನ್ನು ಬೆಳಕಿಗೆ ಹಿಡಿದರು. "ಬುಡ ಅಪ್ಪಟ ಅಸಲಿ. ಇಂಥದ್ದು ನಾನು ಕಂಡೇ ಇಲ್ಲ. ಇಷ್ಟಕ್ಕೇ ಕೋಣೆ ಕೊಡ್ತಿದ್ವಲ್ಲ, ಈಗಲೂ ಕೊಡ್ತೀವಿ. ಆದ್ರೆ ಈ ತುದಿ ಮಾಡಿದ್ದು ಯಾರು?"

ಪ್ರತಿ ಹೆಜ್ಜೆಯನ್ನೂ ಬಿಡಿಸಿ ಹೇಳುವ ನನ್ನ ಅಕ್ಕ ಅದೊಂದು ಸಲ ಕೆಲಸಗಾರ್ತಿಯ ಕಡೆ ನೋಡಿದಳು.

"ನಾನು," ಎಂದಳು ಕೆಲಸಗಾರ್ತಿ. "ಎಂಟು ವರ್ಷದ ಹಿಂದೆ. ಮಾಡಲ್ಲ ಅಂದ್ರೆ ಬೇರೆಯವರಿದಾರೆ ಅಂದ್ರು."

"ಕೈ ಚೆನ್ನಾಗಿದೆ," ಎಂದರು ಅಧಿಕಾರಿ. ಅವರು ಕೆಟ್ಟವರಲ್ಲ, ದನಿ ತಗ್ಗಿಸಿಯೇ ಹೇಳಿದರು. "ಅದಕ್ಕೇ ಕಷ್ಟ. ನೀವು ಮುಟ್ಟಿದ ಮೂಳೇನ ಇನ್ನು ಯಾರೂ ನಂಬಲ್ಲಮ್ಮ."

ಉಗುರಪ್ಪನವರು ಅವಳ ಕಡೆ ತಿರುಗಲೂ ಇಲ್ಲ. ಕೋಣೆ ಎಷ್ಟು ದೊಡ್ಡದಿರುತ್ತದೆ ಎಂದು ಅಧಿಕಾರಿಯನ್ನು ಕೇಳಿದರು.

"ಹೀಗಾಗತ್ತೆ ಅಂತ ನಿನಗೆ ಗೊತ್ತಿತ್ತಾ?" ಎಂದು ಅಕ್ಕನನ್ನು ಮೆಟ್ಟಿಲ ಮೇಲೆ ಕೇಳಿದೆ.

"ಗೊತ್ತಿತ್ತು. ಅಂಗಳದಲ್ಲಿ ಅವಳಿಗೂ ಹೇಳ್ದೆ. ಮಾಡದ ತಪ್ಪಿಗೆ ಹೋಗೋದಕ್ಕಿಂತ ಮಾಡಿದ ತಪ್ಪಿಗೇ ಹೋಗ್ತೀನಿ ಅಂದ್ಲು."

ನಾವು ಅವಳಿಗಾಗಿ ಕಾದೆವು. ಒಳಗಿನಿಂದ ಕೆರೆಯುವ ಸದ್ದು ಕೇಳಿಸಿತು. ಇಣುಕಿದರೆ ಅವಳು ತೊಟ್ಟಿಯ ಮುಂದೆ ನಿಂತು, ತಾನು ಕೊಳೆ ಮಾಡದ ಆ ಬಟ್ಟಲಿನಿಂದ ಗಟ್ಟಿಯಾದ ಪ್ಲಾಸ್ಟರನ್ನು ಚೂರುಚೂರಾಗಿ ಎಬ್ಬಿಸುತ್ತಿದ್ದಳು. ಚೆನ್ನಾಗಿ ತೊಳೆದು, ಒರೆಸಿ, ಬೋರಲು ಹಾಕಿ, ಅದರ ಮೇಲೆ ತನ್ನ ಕೀಲಿ ಇಟ್ಟು ಹೊರಗೆ ಬಂದಳು.