ಒಂದೂ ತಪ್ಪದ ಚೀಟಿಗಳು

"ಫಲಿತಾಂಶ ನನ್ನ ಕಪಾಟಿನಲ್ಲಿತ್ತು. ಯಾರ ಹತ್ರಾನೂ ಬಾಯಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಗೆದ್ದ ಕಂಪನಿಯವರೇ ಫೋನ್ ಮಾಡಿ ಅಭಿನಂದನೆ ಹೇಳಿದರು," ಎಂದರು ಹೊಲಿಗೆಸೂಜಿ ಕಾರ್ಖಾನೆಯ ಒಡತಿ.

ಅವರು ಕೂತಿದ್ದು ನಮ್ಮ ಮನೆಯ ಮೇಲ್ಮಹಡಿಯಲ್ಲಿ, ನನ್ನ ಚಿಕ್ಕಮ್ಮನ ಎದುರು. ಚಿಕ್ಕಮ್ಮ ಮೂವತ್ತು ವರ್ಷ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿ ನಿವೃತ್ತರಾದವರು. ಈಗ ಜನರ ಸುಳ್ಳು ತಿದ್ದುತ್ತಾರೆ. ನಾನು ಅವರ ಕಾರು ಓಡಿಸುವವನು, ಟಿಪ್ಪಣಿ ಬರೆಯುವವನು, ಬೇಸರವಾದಾಗ ಎಲ್ಲರ ದನಿಯಲ್ಲೂ ಮಾತಾಡಿ ತೋರಿಸುವವನು.

ಒಡತಿ ವಿದೇಶದ ಮೂರು ಕಂಪನಿಗಳಲ್ಲಿ ಒಂದನ್ನು ಪಾಲುದಾರನಾಗಿ ಆರಿಸಬೇಕಿತ್ತು. ನಂಬಿಕೆ, ಮಾರುಕಟ್ಟೆ, ವೇಗ ಮುಂತಾದ ಆರು ಗುಣಗಳಲ್ಲಿ ಕಂಪನಿಗಳಿಗೆ ಅಂಕ ಕೊಟ್ಟಾಗಿತ್ತು. ಯಾವ ಗುಣಕ್ಕೆ ಎಷ್ಟು ತೂಕ ಎಂಬುದನ್ನು ಅವರ ತಂಗಿ, ಭಾವ ಮತ್ತು ಫೋರ್ಮನ್ ಹೇಳಬೇಕು. ವಿಧಾನ ಕಲಿಸಿದ್ದು ತಂಗಿ: ಎರಡೆರಡು ಗುಣ ಜೋಡಿಸಿ, ಯಾವುದು ಎಷ್ಟು ಪಟ್ಟು ಮುಖ್ಯ ಎಂದು ಕೇಳುವ ಹದಿನೈದು ಪ್ರಶ್ನೆ.

"ದಿನಕ್ಕೆ ಮೂರೇ ಪ್ರಶ್ನೆ ಅಂತ ಮಾಡಿದ್ದು ನಾನು," ಎಂದರು ಒಡತಿ. " ಒಂದೇ ಸಲ ಕೂರಿಸಿದ್ರೆ ಫೋರ್ಮನ್ ಗೊರಕೆ ಹೊಡೀತಾರೆ. ಬರೆದ ತಕ್ಷಣ ಚೀಟಿ ಪೆಟ್ಟಿಗೆಗೆ, ಮತ್ತೆ ನೋಡೋ ಹಾಗಿಲ್ಲ."

"ಗೆದ್ದ ಕಂಪನಿ ಹೇಗೆ?" ಎಂದರು ಚಿಕ್ಕಮ್ಮ.

"ಮಾರುಕಟ್ಟೆ ದೊಡ್ಡದು, ನಂಬಿಕೆ ಕಮ್ಮಿ. ಹಿಂದೆ ಇಬ್ಬರು ಪಾಲುದಾರರಿಂದ ಸೂಜಿ ಹದ ಮಾಡೋ ಕುಲುಮೆ ಗುಟ್ಟು ತಗೊಂಡು ಅವರ ಕಾರ್ಖಾನೆಗೇ ಬೀಗ ಜಡಿದಿದ್ದಾರೆ. ನಾಳೆ ನನ್ನ ಸಹಿ. ನಲವತ್ತು ಜನ ನನ್ನ ನಂಬಿ ಕೂತಿದ್ದಾರೆ. ಫೋರ್ಮನ್ ಮೇಲೇ ಅನುಮಾನ. ಚೀಟಿ ತುಂಬ ಬರೀ ಹೊಡೆದು ತಿದ್ದಿದ್ದು."

ಚಿಕ್ಕಮ್ಮ ಒಡತಿ ತಂದಿದ್ದ ಚೀಟಿಗಳನ್ನು ಮೇಜಿನ ಮೇಲೆ ಮೂರು ಸಾಲು ಹರಡಿ, ಪೆನ್ಸಿಲ್ ಹಿಡಿದು ಗುಣಿಸುತ್ತ ಕೂತರು. ಕಾಫಿ ಆರಿತು.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಕೋಣೆಯಲ್ಲಿ ಎಲ್ಲರೂ ಸೇರಿದರು.

"ಮೇಡಂ, ನಾನು ಕುಲುಮೆ ಮುಂದೆ ನಿಲ್ಲೋನು. ಈ ಪಟ್ಟು ಗಿಟ್ಟು ನನಗೆ ಹತ್ತಲ್ಲ," ಎಂದರು ಫೋರ್ಮನ್, ತೂತು ಬಿದ್ದು ಗಾಳಿ ಸೋರುವ ತಿದಿಯಂಥ ದನಿಯಲ್ಲಿ. ನಾನು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ.

"ಅದೇ ನಿಮ್ಮನ್ನ ಕಾಪಾಡಿತು," ಎಂದರು ಚಿಕ್ಕಮ್ಮ. "ನಂಬಿಕೆಗಿಂತ ಮಾರುಕಟ್ಟೆ ಎರಡು ಪಟ್ಟು, ವೇಗಕ್ಕಿಂತ ನಂಬಿಕೆ ಮೂರು ಪಟ್ಟು ಅಂದ್ರಿ. ಹಾಗಾದ್ರೆ ವೇಗಕ್ಕಿಂತ ಮಾರುಕಟ್ಟೆ ಆರು ಪಟ್ಟು ಆಗಬೇಕು. ಎರಡು ದಿನ ಬಿಟ್ಟು ನೀವು ನಾಲ್ಕು ಅಂತ ಬರೆದ್ರಿ. ಭಾವನವರೂ ಇಂಥ ಐದು ಕಡೆ ಎಡವಿದ್ದಾರೆ. ನಿಜವಾಗಿ ಯೋಚಿಸಿದವರು ಎಡವಲೇಬೇಕು. ಹಳೇ ಉತ್ತರ ಕಣ್ಣ ಮುಂದಿಲ್ಲದೆ, ಐದು ದಿನದಲ್ಲಿ ಹದಿನೈದೂ ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದ ಹಾಗೆ ಬರೆದವರು ಒಬ್ಬರೇ. ಅವರು ಉತ್ತರವನ್ನ ಮನೇಲೇ ಮಾಡ್ಕೊಂಡು ಬಂದಿದ್ರು. ಮೊದಲು ಗೆಲ್ಲೋ ಕಂಪನಿ, ಆಮೇಲೆ ಅದಕ್ಕೆ ಬೇಕಾದ ತೂಕ. ಉಳಿದಿಬ್ಬರ ಒಲವು ಗೊತ್ತಿದ್ದವರಿಗೆ ಇದು ಕಷ್ಟ ಅಲ್ಲ. ಫಲಿತಾಂಶ ಕಪಾಟಿನಲ್ಲಿದ್ದಾಗಲೇ ಕಂಪನಿಗೆ ಗೊತ್ತಾಗಿದ್ದೂ ಹೀಗೇ."

ತಂಗಿ ನಕ್ಕಳು. "ಲೆಕ್ಕ ಕಲಿತೋರ ತಲೆ ಹಾಗೇ ಓಡುತ್ತೆ."

"ಸಂತೋಷ. ಇಲ್ಲೇ, ಹಳೇದು ನೋಡದೆ, ಇನ್ನೊಮ್ಮೆ ಬರೀಮ್ಮ."

ಮೊದಲ ಐದನ್ನು ಅವಳು ಸರಸರನೆ ಬರೆದಳು. ಒಂಬತ್ತನೆಯ ಪ್ರಶ್ನೆಯ ಹೊತ್ತಿಗೆ ಎರಡು ಕಡೆ ಲೆಕ್ಕ ತಪ್ಪಿತ್ತು. ಅವಳು ಪೆನ್ನು ಕೆಳಗಿಟ್ಟಳು.

"ಹೊಸ ಕಂಪನೀಲಿ ಮುಖ್ಯಸ್ಥೆ ಮಾಡ್ತೀವಿ ಅಂದ್ರು, ಅಕ್ಕ. ಇಲ್ಲಿ ಎಷ್ಟು ವರ್ಷ ಆದ್ರೂ ನಾನು ನಿನ್ನ ತಂಗಿ, ಅಷ್ಟೇ."

"ನಮ್ಮ ಕುಲುಮೆ ನಂದಿಸಿ ಬೀಗ ಹಾಕ್ತಾರೆ ಅಂತ ಗೊತ್ತಿತ್ತಾ?" ಎಂದರು ಒಡತಿ.

"ಗೊತ್ತಿತ್ತು."

ಭಾವ ಕಿಟಕಿಯ ಕಡೆ ತಿರುಗಿದರು. ಒಡತಿ ಹೊಸ ಚೀಟಿಗಳ ಕಟ್ಟನ್ನು ತಂಗಿಯ ಮುಂದೆ ತಳ್ಳಿದರು.

"ಈಗ ನಿಜವಾಗಿ ಬರಿ. ಹದಿನೈದೂ."

ಅರ್ಧ ಗಂಟೆ ಹಿಡಿಯಿತು. ಈ ಸಲ ಅವಳೂ ಹೊಡೆದು ತಿದ್ದಿದಳು. ನಾನು ಕೂಡಿಸಿದೆ: ನಂಬಿಕೆಗೇ ಎಲ್ಲಕ್ಕಿಂತ ಹೆಚ್ಚು ತೂಕ; ಅವಳು ಗೆಲ್ಲಿಸಿದ್ದ ಕಂಪನಿ ಮೂರರಲ್ಲಿ ಕೊನೆಗೆ.

ಒಡತಿ ಆ ಚೀಟಿಗಳನ್ನು ಕಡತಕ್ಕೆ ಸೇರಿಸಿ ದಾರ ಕಟ್ಟಿದರು.

"ನಿನ್ನ ಬುದ್ಧಿ ನನಗೆ ಬೇಕಿತ್ತು, ಈ ಚೀಟಿಗಳಲ್ಲಿ ತಗೊಂಡಿದ್ದೀನಿ," ಎಂದರು. "ಕಾರ್ಖಾನೆ ಬೀಗದಕೈ ಮೇಜಿನ ಮೇಲಿಟ್ಟು ಹೋಗು."