ಕೌದಿಯ ಹೊಟ್ಟೆ

ಟ್ರಂಕಿನ ಮುಚ್ಚಳ ತೆರೆದಿತ್ತು. ಒಳಗೆ ಕೌದಿ ಇರಲಿಲ್ಲ.

ಬೇಡಕಿಹಾಳದ ತುಳಸವ್ವ ಅಳುತ್ತಿರಲಿಲ್ಲ. ಖಾಲಿ ಟ್ರಂಕಿನ ಪಕ್ಕ ಕಾಲು ಚಾಚಿ ಕೂತಿದ್ದಳು. ಪಿಎಸ್‌ಐ ಶೈಲಾಗೆ ಅದರಿಂದಲೇ ಹೆಚ್ಚು ಕಸಿವಿಸಿಯಾಯಿತು.

“ಯಾವಾಗ ನೋಡಿದ್ರಿ, ಆಯಿ?”

“ಮುಂಜಾನೆ ಇತ್ತು ಯವ್ವ. ಹೊಲಕ್ಕ ಬುತ್ತಿ ಕೊಟ್ಟು ಬರೂದ್ರಾಗ ಇಲ್ಲ.”

ಬೀಗ ಒಡೆದಿರಲಿಲ್ಲ. ಕೀಲಿ ದೇವರ ಜಗಲಿಯ ಮೊಳೆಯಲ್ಲೇ ತೂಗುತ್ತಿತ್ತು.

“ಕೀಲಿ ಜಾಗಾ ಯಾರಿಗೆ ಗೊತ್ತೈತಿ?”

“ಬಾಜೂ ಮನಿ ಹಸೀನಾಗ. ಮತ್ತ ಸಿದ್ದಲಿಂಗಗ. ಕಂಪನಿ ಚಿತ್ರಗಾರ. ಹೋದ ವರ್ಷ ಮೂರು ತಿಂಗಳು ಇಲ್ಲೇ ಕುಂತು ಕೌದಿ ನೋಡಿ ಬರಕೊಂಡ. ನನ್ನ ಕೈಯಾನ ರೊಟ್ಟಿ ತಿಂದಾನ, ಅವ ಕದಿಯಂಗಿಲ್ಲ.”

ತುಳಸವ್ವನ ತಾಯಿ ಹಳೆಯ ಇಳಕಲ್ ಸೀರೆಗಳ ತುಂಡು ಜೋಡಿಸಿ ಹೊಲಿದ ಕೌದಿ ಅದು. ನಡುವೆ ಸೂರ್ಯ, ಸುತ್ತ ಏಳು ಸುತ್ತು ಮೆಟ್ಟಿಲು. ಅದೇ ಚಿತ್ತಾರವನ್ನು ನಿಪ್ಪಾಣಿಯ ರಾವಸಾಹೇಬನ ಕಂಪನಿ ‘ಅಜ್ಜಿಮಡಿಲು’ ಎಂಬ ಹೆಸರಲ್ಲಿ ಯಂತ್ರದಲ್ಲಿ ಅಚ್ಚು ಹೊಡೆದು ಊರೂರಿಗೆ ಮಾರುತ್ತಿತ್ತು. ಈಗ ಚಿತ್ತಾರ ತನ್ನದೇ ಎಂದು ನೋಂದಣಿಗೂ ಹಾಕಿತ್ತು. ನೋಂದಣಿಯಾದರೆ ಊರ ಹೆಂಗಸರು ಅದನ್ನು ಹೊಲಿದು ಮಾರುವಂತಿಲ್ಲ. ತುಳಸವ್ವ ತಕರಾರು ಹಾಕಿದ್ದಳು. ಸೋಮವಾರ ವಿಚಾರಣೆ; ಚಿತ್ತಾರ ಹಳೆಯದು ಎನ್ನಲು ಈ ಕೌದಿಯೊಂದೇ ಸಾಕ್ಷಿ. ಇವತ್ತು ಶನಿವಾರ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇರುವ ಹಾಗೆ, ಅಷ್ಟೂ ಹೆಂಗಸರ ಕೆಲಸದ ಪ್ರಾಣ ಆ ಒಂದು ಕೌದಿಯಲ್ಲಿತ್ತು.

ಟ್ರಂಕಿನ ಮೂಲೆಯಲ್ಲಿ ಇರುವೆಗಳು ದಾರಿ ತಪ್ಪಿದವರಂತೆ ಸುತ್ತುತ್ತಿದ್ದವು.

“ಇವು ಯಾಕ ಇಲ್ಲಿ?”

“ಕೌದಿ ಹೊಟ್ಟಿ ಬರಿದ ಇರಬಾರದು. ಹೊದ್ದವರು ಉಪವಾಸ ಬೀಳ್ತಾರ. ವರ್ಷಕ್ಕೊಮ್ಮೆ ಪಂಚಮಿಗೆ ಮೂಲಿ ಬಿಚ್ಚಿ ಹೊಸಾ ಎಳ್ಳುಂಡಿ ಇಟ್ಟು ಹೊಲೀತೀನಿ. ಮೊನ್ನೆನೂ ಇಟ್ಟೇನಿ.”

*

ಹಸೀನಾ ಬೆಳಿಗ್ಗೆ ತುಳಸವ್ವನ ಮನೆಯಿಂದ ಹೊರಬಂದದ್ದನ್ನು ಓಣಿಯೆಲ್ಲ ನೋಡಿತ್ತು.

“ಹೆಪ್ಪು ಕೇಳಾಕ ಹೋಗಿದ್ದೆ. ಆಯಿ ಇರಲಿಲ್ಲ, ತಿರುಗಿ ಬಂದೆ,” ಎಂದಳು.

“ಕಂಪನಿ ಪಗಾರ ತಿಂತೀರಿ.”

“ತಿಂತೀನ್ರಿ. ದಿನಾ ಅಚ್ಚಿನ ಕೌದಿಗೆ ಅಂಚು ಹೊಲೀತೀನಿ. ಭಾಳ ನೆಟ್ಟಗ ಬಂತು, ಸ್ವಲ್ಪ ಸೊಟ್ಟ ಹೊಲಿ ಅಂತಾರ. ಕೈಲೆ ಮಾಡಿದಂಗ ಕಾಣಬೇಕಂತ. ಸೊಟ್ಟ ಹೊಲಿದ್ರ ನಮ್ಮವ್ವ ಬೆರಳಿಗೆ ಹೊಡೀತಿದ್ಲು.”

“ಕೌದಿ ನೀವೇ ಕದ್ದಿದ್ರ?”

“ಮೊದಲ ಉಂಡಿ ತಗದು ಒಗೀತಿದ್ದೆ. ಇರಿವಿ ಮೆರವಣಿಗಿ ಬೆನ್ನಿಗೆ ಕಟ್ಟಿಕೊಂಡು ಓಡಾಕ ನನಗೇನು ಹುಚ್ಚು?”

ಶೈಲಾ ನಗಲಿಲ್ಲ. ಆ ಮಾತನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಂಡಳು.

*

ನಿಪ್ಪಾಣಿಯಲ್ಲಿ ರಾವಸಾಹೇಬ ತಾನೇ ಗೋದಾಮು ತೆರೆದು ತೋರಿಸಿದ. ಕೌದಿ ಸಿಗಲಿಲ್ಲ.

“ಆ ಮುದುಕಿದು ಸುಳ್ಳು ತಕರಾರ್ರಿ. ಚಿತ್ತಾರ ನಮ್ಮ ಸಿದ್ದಲಿಂಗಂದು. ತಾನೇ ಹುಟ್ಟಿಸಿದ್ದು ಅಂತ ಬರಕೊಟ್ಟು ಸಹಿ ಮಾಡ್ಯಾನ.”

ಶೈಲಾ ಜೀಪು ಹತ್ತಿದಳು.

*

ಸಿದ್ದಲಿಂಗನ ಕೋಣೆಯಲ್ಲಿ ಚಿತ್ರಗಳೆಲ್ಲ ಗೋಡೆಗೆ ಮುಖ ಮಾಡಿ ನಿಂತಿದ್ದವು. ಒಲೆಯಿಲ್ಲ, ತಿನ್ನುವ ಚೂರೂ ಇಲ್ಲ. ಆದರೂ ಇರುವೆಗಳ ಸಾಲೊಂದು ಗೋಡೆಗುಂಟ ಅಟ್ಟಕ್ಕೆ ಏರುತ್ತಿತ್ತು.

“ಮಳಿಗಾಲ್ರಿ ಮೇಡಂ. ಇರಿವಿ ಬರ್ತಾವ.”

“ಬಣ್ಣ ತಿನ್ನಾಕ?”

ಕಾನ್‌ಸ್ಟೇಬಲ್ ಅಟ್ಟ ಹತ್ತಿದ. ಹಳೆಯ ಪೇಪರಿನಲ್ಲಿ ಸುತ್ತಿದ ಕೌದಿ ಕೆಳಗಿಳಿಯಿತು.

“ಕೀಲಿ ಇಬ್ಬರಿಗೆ ಗೊತ್ತಿತ್ತು,” ಶೈಲಾ ಹೇಳಿದಳು. “ಹಸೀನಾ ಕೌದಿ ಹೊಲಿಯೂವಾಕಿ. ಆಕಿ ಒಯ್ದಿದ್ರ ಉಂಡಿ ತಗದು ಒಯ್ಯತಿದ್ಲು. ನೀ ಮೂರು ತಿಂಗಳು ಮೇಲಿನ ಚಿತ್ತಾರ ಬರಕೊಂಡಿ, ಒಳಗೇನೈತಿ ಅಂತ ಕೇಳಲಿಲ್ಲ. ಚಿತ್ತಾರ ನಿಂದ ಅಂತ ಮಾಲೀಕನ್ನ ನಂಬಿಸಿದ್ದಿ. ಸೋಮವಾರ ಕೌದಿ ಹೊರಗ ಬಂದ್ರ ಮೊದಲ ಬೀಳಾಂವ ನೀನ.”

ಅವನು ಸ್ಟೂಲಿನ ಮೇಲೆ ಕೂತ.

“ಎರಡು ವರ್ಷ ಮಾಲೀಕರಿಗೆ ನನ್ನ ಚಿತ್ರ ಒಯ್ದು ತೋರಿಸಿದೆ. ‘ಚಂದ ಐತಿ, ಆದ್ರ ಇದರಾಗ ಅಜ್ಜಿ ಕಾಣಂಗಿಲ್ಲ. ಅಜ್ಜಿ ಇದ್ರ ಮಾರತೈತಿ’ ಅಂದ್ರು. ಕಡೀಕ ಅಜ್ಜಿದನ್ನ ಒಯ್ದು ಕೊಟ್ಟೆ.”

“ಸುಟ್ಟಿದ್ರ ಯಾರಿಗೂ ಸಿಗ್ತಿರಲಿಲ್ಲ.”

“ಕಡ್ಡಿ ಗೀರಿದ್ದೆ. ಕೈ ಮುಂದ ಹೋಗಲಿಲ್ಲ.”

*

ಠಾಣೆಯಲ್ಲಿ ತುಳಸವ್ವ ಕೌದಿಯನ್ನು ತೊಡೆಯ ಮೇಲೆ ಹರವಿ ಒಂದೊಂದೇ ಹೊಲಿಗೆ ಮುಟ್ಟಿ ನೋಡಿದಳು. ಸೋಮವಾರ ತಾನೇ ಅದನ್ನು ವಿಚಾರಣೆಗೆ ತರುವುದಾಗಿ ಶೈಲಾ ಹೇಳಿದಳು. ಬೆಂಚಿನ ಮೇಲೆ ಸಿದ್ದಲಿಂಗ ಕೂತಿದ್ದ.

“ಫಿರ್ಯಾದಿ ಬರಕೊಳ್ಳಲಾ, ಆಯಿ?”

ಮುದುಕಿ ಸಿದ್ದಲಿಂಗನತ್ತ ನೋಡಿದಳು.

“ಬರಕೋ. ಕದ್ದಾನ ಅಂತ ಬರಕೋ. ಸುಟ್ಟಿಲ್ಲ, ಅದನ್ನೂ ಬರಕೋ.”

ಶೈಲಾ ಎರಡನ್ನೂ ಬರೆದಳು.