ಡ್ರೈವರ್ ಕಡೆಯ ಬಾಗಿಲು

"ಹಾಗೆ ನೋಡಬೇಡಿ, ಕೈ ನಡುಗುತ್ತೆ," ಅಂದ ಅವನು, ತಲೆ ಎತ್ತದೇ.

"ನಾನು ಟ್ರಕ್ ನೋಡ್ತಿದ್ದೆ ರೀ, ನಿಮ್ಮನ್ನಲ್ಲ."

ಶುದ್ಧ ಸುಳ್ಳು. ಆರು ತಿಂಗಳಿಂದ ನಾನು ನೋಡ್ತಿರೋದು ಅವನನ್ನೇ. ಅವನು ಗಡಿಯಾರ ರಿಪೇರಿಯವನು, ನಾನು ಯುದ್ಧದ ಮ್ಯೂಸಿಯಂನಲ್ಲಿ ಹಳೇ ಫೋಟೋಗಳನ್ನು ಜೋಡಿಸಿಡುವವಳು. ಯುದ್ಧಕಾಲದ ಒಂದು ಸೇನಾ ಟ್ರಕ್ಕನ್ನು ಎಪ್ಪತ್ತೆರಡರಲ್ಲೊಂದು ಪಾಲಿನ ಅಳತೆಗೆ ಇಳಿಸಿ, ಚಕ್ರದ ನಟ್ಟುಗಳನ್ನೂ ಎಣಿಸಿ, ಅಂಗೈಯಗಲದ ಮಾದರಿ ಮಾಡಿದ್ದ. ಇವತ್ತು ಮಾಡೆಲ್ ಸ್ಪರ್ಧೆ. ತೀರ್ಪುಗಾರರು ನಮ್ಮಪ್ಪ. ಕೈಯಲ್ಲಿ ಸದಾ ಲೆನ್ಸ್. ಅದಕ್ಕೇ ಎಲ್ಲರೂ ಬೆನ್ನ ಹಿಂದೆ ಭೂತಗನ್ನಡಿ ಅಂತಾರೆ.

"ಮೊದಲ ಬಹುಮಾನ ಬಂದ್ರೆ ನಿಮ್ಮಪ್ಪನ ಹತ್ರ ಮದುವೆ ಮಾತೆತ್ತುತ್ತೀನಿ. ಬರಿಗೈಲಿ ಕೇಳೋಕೆ ನನ್ನಿಂದಾಗಲ್ಲ," ಅಂದಿದ್ದ ಮಹಾರಾಯ. ಹಾಳಾದ ಸ್ವಾಭಿಮಾನ! ನನ್ನನ್ನೊಂದು ಮಾತು ಕೇಳಿದ್ದರೆ ತಾನೇ?

ನನ್ನ ಬ್ಯಾಗಿನಲ್ಲೊಂದು ಫೋಟೋ ಇತ್ತು. ಬೆಳಿಗ್ಗೆ ತಾನೇ ಸಿಕ್ಕಿದ್ದು. ಅದೇ ನಂಬರಿನ ಟ್ರಕ್, ಡ್ರೈವರ್ ಕಡೆ ಬಾಗಿಲೇ ಇಲ್ಲ. ಬಾಂಬ್ ಬಿದ್ದರೆ ತಟ್ಟನೆ ಹೊರಗೆ ಹಾರಲಿಕ್ಕೆ ಕಿತ್ತುಹಾಕಿದ್ದರು. ಇವನು ಎರಡೂ ಬಾಗಿಲು ಅಂಟಿಸಿದ್ದ. ಫೋಟೋ ಇನ್ಯಾರೂ ನೋಡಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಬಹುಮಾನ ಅವನದು, ಅವನು ನನ್ನವನು.

ತೀರ್ಪಿಗೆ ಇನ್ನು ಇಪ್ಪತ್ತೇ ನಿಮಿಷ.

ಆದರೆ ಮುಂದೆ ಯಾವತ್ತಾದರೂ ಆ ಫೋಟೋ ಅವನ ಕಣ್ಣಿಗೆ ಬಿದ್ದರೆ? ಮುಚ್ಚಿಟ್ಟು ಸಂಸಾರ ಮಾಡೋದು ನನ್ನ ಕೈಲಾಗದು. ತೆಗೆದು ಮೇಜಿನ ಮೇಲಿಟ್ಟೆ.

ಅವನ ಮುಖ ಬಿಳಿಚಿಕೊಂಡಿತು. "ಈಗ ತೋರಿಸ್ತೀರಲ್ರೀ!"

"ನೋಡಲೇ ಇಲ್ಲ ಅಂದ್ಕೊಳ್ಳಿ."

"ಅದು ಹೇಗಾಗುತ್ತೆ?" ಅಂದವನೇ ಬ್ಲೇಡ್ ಎತ್ತಿಕೊಂಡ.

ಬಾಗಿಲ ಅಂಚಿನಲ್ಲಿ ಬ್ಲೇಡ್ ಕೂದಲೆಳೆಯಷ್ಟು ಸರಿಯಿತು. ಇನ್ನೊಂದಿಷ್ಟು. ಬಾಗಿಲು ಕಳಚಿ ಬಂತು. ಜೊತೆಗೇ ಟಪ್ ಅಂತ ಮುಂದಿನ ಗಾಜು ಬಿರುಕು ಬಿಟ್ಟಿತು.

ಅಷ್ಟರಲ್ಲಿ ಅಪ್ಪ ಬಂದೇಬಿಟ್ಟರು. ಲೆನ್ಸ್ ಹಿಡಿದು ಬಗ್ಗಿದರು. "ಗಾಜು ಬಿರುಕು ಬಿಟ್ಟಿದೆ. ಬಹುಮಾನ ಇಲ್ಲ." ಆಮೇಲೆ ಫೋಟೋ ಕಂಡಿತು. "ಇದನ್ನ ಯಾರು ತೋರಿಸಿದ್ದು?"

"ನಾನೇ, ಅಪ್ಪ." ಎಲ್ಲ ಮುಗೀತು ಅಂದುಕೊಂಡೆ.

ಅವನು ಎದ್ದು ನಿಂತ. ನನ್ನ ಕಡೆ ಒಂದು ಸಲ ನೋಡಿದ. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಸರ್, ಗೆದ್ರೆ ಕೇಳೋಣ ಅಂತಿದ್ದೆ. ಸೋತೆ. ಆದ್ರೂ ಕೇಳ್ತೀನಿ. ನಿಮ್ಮ ಮಗಳನ್ನ ನನಗೆ ಕೊಡ್ತೀರಾ?"

ಅಪ್ಪ ಲೆನ್ಸನ್ನು ಅವನ ಮುಖಕ್ಕೇ ಹಿಡಿದರು. ಆಮೇಲೆ ನನ್ನ ಮುಖಕ್ಕೆ. ನನ್ನ ಕೆನ್ನೆ ಏನು ಹೇಳಿತೋ!

"ಗೆಲ್ಲೋ ಟ್ರಕ್ ಕೆಡಿಸಿದವಳು ಇವಳು. ಇವಳೇ ಬೇಕಾ?"

"ಇವರೇ ಬೇಕು, ಸರ್."

"ಹಾಗಾದ್ರೆ ಭಾನುವಾರ ಮನೆಗೆ ಬಾ. ಇವಳಮ್ಮನ ಪರೀಕ್ಷೆ ಇದಕ್ಕಿಂತ ಕಷ್ಟ," ಅಂದು ಅಪ್ಪ ಪಕ್ಕದ ಮೇಜಿಗೆ ಹೋದರು.

ಅವನು ನನ್ನ ಅಂಗೈ ಬಿಡಿಸಿ ಹೆಬ್ಬೆರಳ ಉಗುರಿನಷ್ಟಿದ್ದ ಆ ಬಾಗಿಲನ್ನಿಟ್ಟ.

"ಬಾಗಿಲಿಲ್ಲ ಅಂತ ಮಧ್ಯದಲ್ಲಿ ಹಾರಿ ಓಡಿಹೋಗಲ್ಲ ತಾನೇ?" ಅಂದೆ.

"ಮನೇಲಿ ಭೂತಗನ್ನಡಿ ಇದ್ದಾರೆ, ನೀವಿದ್ದೀರಿ. ಓಡಿ ಎಲ್ಲಿಗೆ ಹೋಗಲಿ?"

ನಗಬೇಕಾದವಳು ಅತ್ತೇಬಿಟ್ಟೆ.